ಕುದುರೆಯ ಕೀಲುನೋವು: ಪತ್ತೆ ಮತ್ತು ಚಿಕಿತ್ಸೆ

ಮೈಸೂರು ಅರಮನೆಯ ಸುತ್ತ ಟಾಂಗಾ ಎಳೆಯುವ ಕುದುರೆ, ದಸರಾ ಮೆರವಣಿಗೆಯಲ್ಲಿ ಸಾಗುವ ಅಶ್ವಾರೋಹಿ ಪೊಲೀಸ್ ದಳದ ಕುದುರೆ, ರೇಸಿನ ಕುದುರೆ – ಇವುಗಳ ಕೆಲಸ ಬೇರೆ ಬೇರೆಯಾದರೂ ಎಲ್ಲಕ್ಕೂ ಕಾಲೇ ಬಂಡವಾಳ. ಕೀಲು ನೊಂದರೆ ಕುದುರೆ ಬಾಯಿಬಿಟ್ಟು ಹೇಳಲಾರದು. ಅದರ ನಡಿಗೆಯಿಂದಲೇ ನಾವು ತಿಳಿಯಬೇಕು.

ನಿಂತ ಕುದುರೆಯ ಭಾರದಲ್ಲಿ ನೂರಕ್ಕೆ ಸುಮಾರು 60 ಭಾಗ ಮುಂಗಾಲುಗಳ ಮೇಲಿರುತ್ತದೆ. ಅದರ ಮುಂಗಾಲಿನ ‘ಮಂಡಿ’ ನಿಜಕ್ಕೂ ನಮ್ಮ ಮಣಿಕಟ್ಟಿಗೆ ಸಮನಾದ ಕೀಲು. ಕೀಲಿನೊಳಗೆ ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ, ನಡುವೆ ಎಣ್ಣೆಯಂತೆ ಜಾರುವ ಕೀಲುರಸ ಇರುತ್ತವೆ. ಗಟ್ಟಿ ರಸ್ತೆಯ ಮೇಲಿನ ಸತತ ದುಡಿತ, ಅತಿಭಾರ, ಸರಿಯಿಲ್ಲದ ಲಾಳ, ಪೆಟ್ಟು, ವಯಸ್ಸು – ಇವುಗಳಿಂದ ಈ ಹೊದಿಕೆ ಸವೆಯುತ್ತದೆ. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಹಾಗಾಗಿ ಸವೆದದ್ದು ಮೊದಲಿನಂತೆ ಬೆಳೆಯುವುದಿಲ್ಲ. ರೋಗವನ್ನು ಬೇಗ ಗುರುತಿಸಬೇಕೆನ್ನುವುದು ಇದಕ್ಕಾಗಿಯೇ.

ಪಶುವೈದ್ಯರು ಮೊದಲು ಕುದುರೆಯನ್ನು ಸಮನೆಲದಲ್ಲಿ ನಡೆಸಿ, ಸಣ್ಣಗೆ ಓಡಿಸಿ ನೋಡುತ್ತಾರೆ. ನೋಯುವ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ. ಸರಿಯಾದ ಕಾಲು ಊರಿದಾಗ ತಗ್ಗುತ್ತದೆ. ಆದರೆ ಕುಂಟಿಗೆಲ್ಲ ಕೀಲೇ ಕಾರಣವಲ್ಲ. ಗೊರಸಿಗೆ ಮೊಳೆಯೋ ಕಲ್ಲೋ ಚುಚ್ಚಿರಬಹುದು. ಆದ್ದರಿಂದ ಗೊರಸನ್ನು ತಪ್ಪದೆ ಪರೀಕ್ಷಿಸಿ, ಬಳಿಕ ಕೀಲುಗಳಲ್ಲಿ ಊತ, ಬಿಸಿ ಇದೆಯೇ ಎಂದು ಮುಟ್ಟಿ ನೋಡುತ್ತಾರೆ. ಕೀಲನ್ನು ಒಂದು ನಿಮಿಷದಷ್ಟು ಮಡಿಸಿ ಹಿಡಿದು ತಕ್ಷಣ ಓಡಿಸಿದರೆ ಅಡಗಿದ ಕುಂಟು ಹೊರಬೀಳಬಹುದು. ಮರವಳಿಕೆ ಚುಚ್ಚುಮದ್ದು ಕೊಟ್ಟಾಗ ಕುಂಟು ನಿಂತರೆ ನೋವಿನ ಜಾಗ ಸಿಕ್ಕಂತೆ. ಎಕ್ಸ್-ರೇ ಮೂಳೆಯ ಬದಲಾವಣೆಯನ್ನೂ, ಅಲ್ಟ್ರಾಸೌಂಡ್ ಸ್ನಾಯುಬಂಧಗಳ ಗಾಯವನ್ನೂ ತೋರಿಸುತ್ತವೆ.

ಚಿಕಿತ್ಸೆಯಲ್ಲಿ ಮೊದಲ ಸ್ಥಾನ ವಿಶ್ರಾಂತಿಗೆ. ಹೊಸ ಊತಕ್ಕೆ ತಣ್ಣೀರು ಹಾಯಿಸುವುದು, ಗೊರಸು ಕೆತ್ತಿಸಿ ಸರಿಯಾದ ಲಾಳ ಹೊಡೆಸುವುದು, ತೂಕ ಹತೋಟಿಯಲ್ಲಿಡುವುದು ನೆರವಾಗುತ್ತವೆ. ಫಿನೈಲ್‌ಬ್ಯುಟಾಜೋನ್‌ನಂತಹ ಔಷಧಿಗಳು ನೋವು, ಉರಿಯೂತಗಳನ್ನು ತಗ್ಗಿಸುತ್ತವೆ. ಕೆಲವೊಮ್ಮೆ ಕೀಲಿಗೇ ಚುಚ್ಚುಮದ್ದು ಕೊಡುವುದುಂಟು. ಕೀಲಿಗೆ ಸೋಂಕು ತಗುಲಿದರೆ ಮಾತ್ರ ಒಂದು ದಿನವೂ ಕಾಯುವಂತಿಲ್ಲ. ಕೀಲನ್ನು ತೊಳೆದು ಪ್ರತಿಜೈವಿಕ ಕೊಡಬೇಕು.

ನೋವು ಮರೆಯಾದದ್ದೇ ಕೀಲು ವಾಸಿಯಾದಂತಲ್ಲ. ಔಷಧಿ ಕೊಟ್ಟು ಮರುದಿನವೇ ಗಾಡಿಗೆ ಕಟ್ಟಿದರೆ ಕುದುರೆ ನೋವರಿಯದೆ ದುಡಿದು ಕೀಲನ್ನು ಇನ್ನಷ್ಟು ಕೆಡಿಸಿಕೊಳ್ಳುತ್ತದೆ. ದಿನಗೂಲಿಯ ಟಾಂಗಾವಾಲನಿಗೆ ಕುದುರೆಯ ವಿಶ್ರಾಂತಿ ಎಂದರೆ ಸಂಪಾದನೆಯ ನಷ್ಟ, ನಿಜ. ಆದರೆ ಇಂದಿನ ಕೆಲವು ವಾರಗಳ ವಿಶ್ರಾಂತಿ ಮುಂದಿನ ಎಷ್ಟೋ ವರ್ಷಗಳ ದುಡಿಮೆಯನ್ನು ಉಳಿಸಬಲ್ಲದು.