ಟೀವಿಯೊಳಗೆ ದುಂಬಿ ಹೊಕ್ಕಿತೇ?

ಲ್ಯಾಪ್‌ಟಾಪ್‌ಗೂ ಟೀವಿಗೂ ಗಂಟು ಹಾಕಿದ ಕೂಡಲೇ 'ಗುಂಯ್...' ಅನ್ನುವ ಸಪ್ಪಳ ಶುರುವಾಯಿತೇ? ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ಹತ್ತು ನಿಮಿಷ ನೀವೇ ಪತ್ತೇದಾರಿಕೆ ಮಾಡಿ. ಆದರೆ ಪ್ಲಗ್ಗಿನ ಆ ದಪ್ಪ ಪಿನ್ನಿನ ತಂಟೆಗೆ ಮಾತ್ರ ಹೋಗಬೇಡಿ!

ಭಾನುವಾರದ ಸಂಜೆ. ಪುಣೆಯಲ್ಲಿರುವ ಮಗಳು ವಿಡಿಯೊ ಕಾಲ್‌ನಲ್ಲಿ ಬರುತ್ತಾಳೆ. ಮೊಬೈಲ್‌ನ ಅಂಗೈಯಷ್ಟು ಪರದೆಯಲ್ಲಿ ಅತ್ತೆಗೆ ಮರಿಮಗನ ಮುಖವೇ ಕಾಣದು. ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸಿದರೆ ಎಲ್ಲರೂ ಕೂತು ಮಾತಾಡಬಹುದಲ್ಲ? ವೈರು ಸಿಕ್ಕಿಸಿದ್ದಾಯಿತು, ಚಿತ್ರವೂ ಬಂತು. ಅದರ ಜೊತೆಗೇ ಬಂತು, 'ಗುಂಯ್ಯ್ಯ್...'!

ವಿಜಯಪುರದ ಸ್ಟೇಷನ್ ರಸ್ತೆ ಕಡೆಯ ಮನೆಗಳಲ್ಲಿ ಇಂಥ ಹೊತ್ತಿಗೆ ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ಕೇಳುವುದು ಹೀಗೆ: "ಏನ್ರೀ ವೈನಿ, ನಿಮ್ಮ ಟೀವಿ ಯಾಕ ಹಿಂಗ ಗುಂಯ್ ಅಂತೈತಿ? ಒಳಗ ದುಂಬಿ ಹೊಕ್ಕೈತೇನು?"

ಅದೇ ರಸ್ತೆಯಲ್ಲಿ ಗೋಳಗುಮ್ಮಟ ಇದೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾನ ಸಮಾಧಿ ಅದು. ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಮುಖಮಾಡಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ನಿಂತವರಿಗೆ ಕೇಳುತ್ತದೆ. ಗುಮ್ಮಟಕ್ಕೆ ಒಳ್ಳೆಯ ಮಾತು, ಕೆಟ್ಟ ಮಾತು ಅನ್ನುವ ಭೇದವಿಲ್ಲ. ಟೀವಿಯ ಸ್ಪೀಕರ್ ಕೂಡ ಹಾಗೇ. ವೈರಿನಲ್ಲಿ ಮಗಳ ದನಿ ಬಂದರೆ ಅದನ್ನೂ ದೊಡ್ಡದು ಮಾಡುತ್ತದೆ, ಕರೆಂಟಿನ ಗುಂಯ್ ಬಂದರೆ ಅದನ್ನೂ ದೊಡ್ಡದು ಮಾಡುತ್ತದೆ. ಹಾಗಾಗಿ ಟೀವಿಯನ್ನು ಬೈಯುವ ಮೊದಲು ಅದು ಎಲ್ಲಿಂದ ಒಳಗೆ ಬಂತು ಅಂತ ನೋಡಬೇಕು.

ಯಾವ ಸಪ್ಪಳ, ಯಾವ ರೋಗ?

ಒಗ್ಗರಣೆ ಸಿಡಿಯುವ ಸದ್ದಿಗೂ ಹಾಲು ಉಕ್ಕುವ ಸದ್ದಿಗೂ ಇರುವ ವ್ಯತ್ಯಾಸ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲೂ ಅದೇ ಕಿವಿ ಸಾಕು.

* ಒಂದೇ ಸಮನೆ 'ಗುಂಯ್' ಅಂದರೆ ಅದು ಮನೆಯ ಕರೆಂಟಿನ ದನಿ. ನಮ್ಮ ಮನೆಗಳಿಗೆ ಬರುವ 230 ವೋಲ್ಟ್ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಲಾಡುತ್ತದೆ. ಆ ಓಲಾಟವೇ ಸ್ಪೀಕರಿನಲ್ಲಿ ಕೇಳುವುದು.
* 'ಕರ್ ಕರ್' ಅಂದು, ವೈರು ಅಲ್ಲಾಡಿಸಿದರೆ ಬದಲಾದರೆ ಜಾಕ್ ಸಡಿಲ ಅಥವಾ ವೈರಿಗೆ ವಯಸ್ಸಾಗಿದೆ.
* ಫ್ಯಾನಿನ ವೇಗ ಬದಲಿಸಿದಾಗ ಸಪ್ಪಳವೂ ಬದಲಾದರೆ ಕಳ್ಳ ಫ್ಯಾನಿನ ರೆಗ್ಯುಲೇಟರ್.
* ವಿಡಿಯೊ ಕಾಲ್‌ನಲ್ಲಿ ಮಾತ್ರ 'ಕೀಂಯ್' ಅಂತ ಕಿರುಚಿದರೆ ವೈರಿನದೇನೂ ತಪ್ಪಿಲ್ಲ. ಟೀವಿಯ ದನಿ ಲ್ಯಾಪ್‌ಟಾಪಿನ ಮೈಕಿಗೆ ಹೋಗಿ ಮತ್ತೆ ಟೀವಿಗೇ ಬರುತ್ತಿದೆ. ಟೀವಿಯ ದನಿ ತಗ್ಗಿಸಿ, ಲ್ಯಾಪ್‌ಟಾಪನ್ನು ಸ್ವಲ್ಪ ದೂರ ಇಡಿ.

ಇವುಗಳಲ್ಲಿ ಹೆಚ್ಚು ಗೋಳು ಹೊಯ್ದುಕೊಳ್ಳುವುದು ಮೊದಲನೆಯದೇ. ಇವತ್ತಿನ ಮಾತೂ ಅದರದ್ದೇ.

ದುಂಬಿ ಬರುವುದೆಲ್ಲಿಂದ?

ಮನೆ ಮೇಲೆ ಎರಡು ನೀರಿನ ಟ್ಯಾಂಕ್ ಇವೆ ಅಂದುಕೊಳ್ಳಿ. ಎರಡಕ್ಕೂ ನಡುವೆ ಒಂದು ಸಣ್ಣ ಪೈಪು. ಎರಡರಲ್ಲೂ ನೀರು ಸಮ ಇದ್ದರೆ ಪೈಪಿನಲ್ಲಿ ಹರಿವಿಲ್ಲ. ಒಂದರಲ್ಲಿ ಸ್ವಲ್ಪ ಹೆಚ್ಚು ಕಡಿಮೆಯಾದರೂ ಪೈಪಿನಲ್ಲಿ ನೀರು ಓಡುತ್ತದೆ.

ಲ್ಯಾಪ್‌ಟಾಪಿನ ಚಾರ್ಜರಿಗೆ ಮೂರು ಪಿನ್ ಇದ್ದರೆ ಅದರ ದಪ್ಪ ಪಿನ್ನಿನ ಮೂಲಕ ಮನೆಯ ಅರ್ಥಿಂಗ್‌ಗೆ, ಅಂದರೆ ಭೂಮಿಗೆ ಸಂಬಂಧ. ಟೀವಿಗೆ ಹೆಚ್ಚಾಗಿ ಎರಡೇ ಪಿನ್. ಆದರೂ ಕೇಬಲ್ ವೈರಿನಿಂದಲೋ, ಹೋಮ್ ಥಿಯೇಟರಿನಿಂದಲೋ ಅದಕ್ಕೂ ಬೇರೆ ಕಡೆಯಿಂದ ಭೂಮಿಯ ನಂಟು ಇರುತ್ತದೆ. ಎರಡು ಕಡೆಯ 'ಮಟ್ಟ' ಸ್ವಲ್ಪ ಬೇರೆ. ನಡುವೆ ನೀವು ಹಾಕಿದ ಆಡಿಯೊ ವೈರೇ ಆ ಸಣ್ಣ ಪೈಪು! ಅದರೊಳಗೆ ಚೂರೇ ಚೂರು ಕರೆಂಟು ಓಡಾಡುತ್ತದೆ. ಅದೇ ಗುಂಯ್.

ಚಾರ್ಜರಿಗೆ ಎರಡೇ ಪಿನ್ ಇದ್ದರೂ ಪೂರ್ತಿ ಬಿಡುಗಡೆ ಇಲ್ಲ. ಅದರಿಂದ ತುಸು ಕರೆಂಟು ಲ್ಯಾಪ್‌ಟಾಪಿನ ಮೈಗೆ ಸೋರುತ್ತದೆ. ಲೋಹದ ಮೈ ಸವರಿದರೆ 'ಜುಂ' ಅನ್ನುವುದು ಇದೇ.

ಹತ್ತು ನಿಮಿಷದ ಪತ್ತೇದಾರಿಕೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾಲ್ಕು ವೈರು ಒಟ್ಟಿಗೆ ಕಿತ್ತರೆ ಕಳ್ಳ ಯಾರೆಂದು ತಿಳಿಯುವುದೇ ಇಲ್ಲ.

1. ಲ್ಯಾಪ್‌ಟಾಪಿನ ದನಿ ಮುಕ್ಕಾಲು ಪಾಲು ಏರಿಸಿ, ಟೀವಿಯದ್ದು ಇಳಿಸಿ. ಅನೇಕರು ಉಲ್ಟಾ ಮಾಡುತ್ತಾರೆ. ಲ್ಯಾಪ್‌ಟಾಪಿನಲ್ಲಿ ಸಣ್ಣ ದನಿ, ಟೀವಿಯಲ್ಲಿ ದೊಡ್ಡ ದನಿ ಇಟ್ಟರೆ ಮಾತಿನ ಜೊತೆ ಗುಂಯ್ ಕೂಡ ದೊಡ್ಡದಾಗುತ್ತದೆ.

2. ಚಾರ್ಜರ್ ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆಯಿರಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ನಡೆಯಲಿ. ಗುಂಯ್ ನಿಂತಿತೇ? ಸಪ್ಪಳ ಬರುವ ದಾರಿಯಲ್ಲಿ ಚಾರ್ಜರ್ ಇದೆ ಅಂತಾಯಿತು.

3. ನಿಲ್ಲದಿದ್ದರೆ ಎಲ್ಲ ಸ್ವಿಚ್ ಆಫ್ ಮಾಡಿ, ಹೊರಗಿನಿಂದ ಬರುವ ಕೇಬಲ್ ಅಥವಾ ಡಿಶ್ ವೈರನ್ನು ಸೆಟ್‌ಟಾಪ್ ಬಾಕ್ಸಿನಿಂದ ಬಿಚ್ಚಿ ಮತ್ತೆ ಚಾಲೂ ಮಾಡಿ. ಈಗ ನಿಂತರೆ ಕಳ್ಳ ಬಂದದ್ದು ಆ ವೈರಿನ ದಾರಿಯಿಂದ. ಗುಡುಗು ಮಿಂಚಿನ ಹೊತ್ತಿನಲ್ಲಿ ಈ ಕೆಲಸಕ್ಕೆ ಹೋಗಬೇಡಿ.

4. ಆಮೇಲೂ ನಿಲ್ಲಲಿಲ್ಲವೇ? ಆಡಿಯೊ ವೈರು ಬದಲಿಸಿ ನೋಡಿ. ಜಾಕ್ 'ಟಿಕ್' ಅನ್ನುವವರೆಗೆ ಒಳಗೆ ಹೋಗಬೇಕು. ಕರೆಂಟ್ ವೈರು ಮತ್ತು ಆಡಿಯೊ ವೈರನ್ನು ಜಡೆ ಹೆಣೆದಂತೆ ಸುತ್ತಿಡಬೇಡಿ.

5. ಹಳೆಯ ಮೊಬೈಲ್‌ಗೆ ಹೆಡ್‌ಫೋನ್ ತೂತು ಇದ್ದರೆ ಅದೇ ವೈರನ್ನು ಅದಕ್ಕೆ ಹಾಕಿ ಹಾಡು ಹಚ್ಚಿ. ಚಾರ್ಜಿಗೆ ಇಡಬೇಡಿ. ದನಿ ಸ್ವಚ್ಛ ಬಂದರೆ ನಿಮ್ಮ ಟೀವಿ ಆರೋಗ್ಯವಾಗಿದೆ, ಬದಲಿಸುವ ಮಾತು ಬೇಡ!

ನೆನಪಿರಲಿ, ವೈರಿನ ಒಂದು ತುದಿ ಟೀವಿಯಲ್ಲಿದ್ದು ಇನ್ನೊಂದು ತುದಿ ಗಾಳಿಯಲ್ಲಿ ತೂಗುತ್ತಿದ್ದರೆ ಗುಂಯ್ ಬರುವುದು ಸಹಜ. ಅದನ್ನು ನೋಡಿ ಟೀವಿ ಕೆಟ್ಟಿತು ಅಂದುಕೊಳ್ಳಬೇಡಿ.

ಹಾಗಾದರೆ ಮದ್ದೇನು?

ಒಂದೇ ಬೋರ್ಡ್: ಟೀವಿ ಹಾಲ್‌ನ ಒಂದು ಗೋಡೆಗೆ, ಲ್ಯಾಪ್‌ಟಾಪ್ ಇನ್ನೊಂದು ಗೋಡೆಗೆ ಬೇಡ. ಟೀವಿ, ಸೆಟ್‌ಟಾಪ್ ಬಾಕ್ಸ್, ಹೋಮ್ ಥಿಯೇಟರ್, ಲ್ಯಾಪ್‌ಟಾಪ್ ಎಲ್ಲವನ್ನೂ ಮೂರು ಪಿನ್ನಿನ ಒಂದೇ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ಟ್ಯಾಂಕುಗಳ ಮಟ್ಟ ಸಮವಾದಂತೆ. ಅನೇಕ ಮನೆಗಳಲ್ಲಿ ದುಂಬಿ ಇಷ್ಟಕ್ಕೇ ಓಡಿಹೋಗುತ್ತದೆ. ಐಎಸ್‌ಐ ಗುರುತು ನೋಡಿ ಕೊಳ್ಳಿ. ಇಸ್ತ್ರಿ, ಗೀಸರ್, ಮಿಕ್ಸಿಯನ್ನು ಮಾತ್ರ ಆ ಬೋರ್ಡಿಗೆ ಹಾಕಬೇಡಿ.

ಎಚ್‌ಡಿಎಂಐ ವೈರು: ಚಿತ್ರ, ದನಿ ಎರಡನ್ನೂ ಒಂದೇ ವೈರಿನಲ್ಲಿ ಅಂಕಿಗಳ ರೂಪದಲ್ಲಿ ಒಯ್ಯುತ್ತದೆ. ಹಾಗಾಗಿ ಗುಂಯ್ ಈ ದಾರಿಯಲ್ಲಿ ದನಿಯೊಳಗೆ ಸೇರಲಾರದು. ಹಾಕಿದ ಮೇಲೆ ಲ್ಯಾಪ್‌ಟಾಪಿನ ಸ್ಪೀಕರ್ ಚಿಹ್ನೆ ಒತ್ತಿ ಟೀವಿಯ ಹೆಸರು ಆರಿಸಿ. ಟೀವಿಯ ರಿಮೋಟಿನಲ್ಲೂ ಎಚ್‌ಡಿಎಂಐ ಆರಿಸಿ. ಹಳೆಯ ಆಡಿಯೊ ವೈರನ್ನು ಕಿತ್ತಿಡಲು ಮರೆಯಬೇಡಿ, ಅದು ಅಲ್ಲೇ ಇದ್ದರೆ ಗುಂಯ್ ಕೂಡ ಅಲ್ಲೇ ಇದ್ದೀತು. ಇಷ್ಟಾಗಿಯೂ ಬಂದರೆ ಟೀವಿಯಿಂದ ಹೋಮ್ ಥಿಯೇಟರಿಗೆ ಹೋಗುವ ವೈರನ್ನು ಅನುಮಾನಿಸಿ.

ಬ್ಯಾಟರಿ ಉಪಾಯ: ಗಂಟೆ ಹೊತ್ತಿನ ವಿಡಿಯೊ ಕಾಲ್‌ಗೆ ಮೊದಲೇ ಚಾರ್ಜ್ ಮಾಡಿಟ್ಟು, ಮಾತಾಡುವಾಗ ಚಾರ್ಜರ್ ತೆಗೆದಿಡಿ. ಕಾಸು ಖರ್ಚಿಲ್ಲದ ಮದ್ದು!

ಗ್ರೌಂಡ್ ಲೂಪ್ ಐಸೊಲೇಟರ್: ಬೆಂಕಿಪೊಟ್ಟಣದಂಥ ಸಣ್ಣ ಡಬ್ಬಿ. ಆಡಿಯೊ ವೈರಿನ ನಡುವೆ ಸಿಕ್ಕಿಸುವುದು. ಒಳಗಿನ ಪುಟ್ಟ ಟ್ರಾನ್ಸ್‌ಫಾರ್ಮರುಗಳು ದನಿಯನ್ನು ಮಾತ್ರ ದಾಟಿಸಿ, ಎರಡು ಕಡೆಯ ಭೂಮಿಯ ನಂಟನ್ನು ತುಂಡರಿಸುತ್ತವೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗದಿದ್ದರೆ ಕಾರಿಗೆ ಸ್ಟೀರಿಯೊ ಕೂರಿಸುವವರಲ್ಲಿ ಕೇಳಿ. ಕಾರಿನಲ್ಲೂ ಇದೇ ಗುಂಯ್ ಕಾಟ, ಅವರಲ್ಲೂ ಇದೇ ಮದ್ದು.

ಕೇಬಲ್ ವೈರಿನಿಂದ ಗುಂಯ್ ಬರುತ್ತಿದ್ದರೆ ಕೇಬಲ್‌ನವರಿಗೇ ಹೇಳಿ. ಡಿಶ್ ಇರುವವರು ಆ ವೈರಿನ ನಡುವೆ ಸಿಕ್ಕ ಸಿಕ್ಕ ಡಬ್ಬಿ ಹಾಕಬೇಡಿ. ಛಾವಣಿಯ ಮೇಲಿನ ಡಿಶ್‌ಗೆ ಬೇಕಾದ ಸಣ್ಣ ಕರೆಂಟು ಅದೇ ವೈರಿನಲ್ಲಿ ಮೇಲೆ ಹೋಗುತ್ತದೆ. ಅದು ನಿಂತರೆ ಚಾನೆಲ್ಲೇ ಬರದು.

ಈ ಮದ್ದು ಮಾತ್ರ ಬೇಡವೇ ಬೇಡ!

ಬಲ್ಲವರು ಅನ್ನಿಸಿಕೊಂಡವರು ಹೇಳುವ ಇನ್ನೊಂದು ಉಪಾಯ ಇದೆ. "ಅಕ್ಕಾರ, ಈ ಮ್ಯಾಲಿನ ದಪ್ಪ ಪಿನ್ ಮುರದು ಒಗದ್ರ ಸಪ್ಪಳ ಗಪ್ ಆಗ್ತೈತ್ರಿ."

ಹೌದು, ಗಪ್ ಆಗುತ್ತದೆ. ಈ ಸಲಹೆ ಅಪಾಯಕಾರಿ ಆಗಿರುವುದೇ ಅದಕ್ಕೆ! ಸಪ್ಪಳ ನಿಂತಿತಲ್ಲ ಅಂತ ಮನೆಮಂದಿಯೆಲ್ಲ ಖುಷಿ. ಆದರೆ ಆ ಪಿನ್ ಅಲ್ಲಿರುವುದು ನಮ್ಮ ಜೀವ ಕಾಯಲು. ಚಾರ್ಜರಿನೊಳಗೆ ಏನಾದರೂ ಕೆಟ್ಟು 230 ವೋಲ್ಟ್ ಲ್ಯಾಪ್‌ಟಾಪಿನ ಮೈಗೆ ಬಂದರೆ, ಅರ್ಥಿಂಗ್ ಇದ್ದಾಗ ಆ ಕರೆಂಟು ಭೂಮಿಗೆ ಇಳಿಯುತ್ತದೆ, ಫ್ಯೂಸೋ ಬ್ರೇಕರ್ರೋ ಬೀಳುತ್ತದೆ. ಪಿನ್ ಮುರಿದಿದ್ದರೆ? ಮುಟ್ಟಿದವರ ಮೈಯೇ ದಾರಿ. ಒದ್ದೆ ಕೈಯಲ್ಲಿ ಅಡುಗೆಮನೆಯಿಂದ ಓಡಿಬಂದು ಫೋನ್ ಎತ್ತುವವರು ಯಾರು? ನಾವೇ ಅಲ್ಲವೇ? ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ಮುಟ್ಟುವುದು ಯಾರು? ಮಕ್ಕಳು.

ಅಂಥವರಿಗೆ ಧೈರ್ಯವಾಗಿ ಹೇಳಿ: "ಬ್ಯಾಡ್ರಿ ಅಣ್ಣಾರ, ಗುಂಯ್ ಅಂದ್ರೂ ಚಿಂತಿಲ್ಲ, ಪಿನ್ನಿಗೆ ಕೈ ಹಚ್ಚಬ್ಯಾಡ್ರಿ." ಮೂರು ಪಿನ್ನನ್ನು ಎರಡು ಮಾಡುವ ಅಡಾಪ್ಟರ್ ಹಾಕಿದರೂ ಪಿನ್ ಮುರಿದಂತೆಯೇ ಲೆಕ್ಕ.

ಗೋಡೆಯ ತೂತನ್ನು ನಂಬಬೇಡಿ

ಇನ್ನೊಂದು ಸೂಕ್ಷ್ಮ. ಗೋಡೆಯಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ. ಹಳೆಯ ಮನೆ, ಬಾಡಿಗೆ ಮನೆಗಳಲ್ಲಿ ದೊಡ್ಡ ತೂತಿನ ಹಿಂದೆ ಹಸಿರು ವೈರೇ ಇರದಿರಬಹುದು. ಮೂರು ಪಿನ್ನಿನ ಚಾರ್ಜರ್ ಹಾಕಿದಾಗಲೂ ಲ್ಯಾಪ್‌ಟಾಪಿನ ಮೈ 'ಜುಂ' ಅಂದರೆ, ಫ್ರಿಜ್ ಬಾಗಿಲು ಅಥವಾ ವಾಷಿಂಗ್ ಮೆಷಿನ್ ಚುರುಕ್ ಅಂದರೆ, ನಿಮ್ಮ ಅರ್ಥಿಂಗ್ ಕೈಕೊಟ್ಟಿದೆ ಎಂಬ ಅನುಮಾನ ಬರಲಿ. ಆಗ ಗುಂಯ್ ಸಪ್ಪಳ ಸಣ್ಣ ಮಾತು, ಮೊದಲು ಎಲೆಕ್ಟ್ರಿಶಿಯನ್ ಬರಲಿ.

ನಮ್ಮ ಕಡೆ ಇನ್ನೊಂದು ಕಾರಣ ಬೇಸಿಗೆ. ಇದ್ದಿಲು, ಉಪ್ಪು ತುಂಬಿ ಮಾಡಿದ ಅರ್ಥಿಂಗ್ ಗುಂಡಿ ಕೆಲಸ ಮಾಡುವುದು ಮಣ್ಣಿನಲ್ಲಿ ಹಸಿ ಇದ್ದಾಗ. ವಿಜಯಪುರದ ಬಿಸಿಲಿಗೆ ಎರೆಮಣ್ಣು ಒಣಗಿ ಬಿರುಕು ಬಿಡುವುದು ಗೊತ್ತೇ ಇದೆ. ಮಣ್ಣು ಒಣಗಿದರೆ ಭೂಮಿಗೆ ಕರೆಂಟು ಇಳಿಯುವ ದಾರಿ ಕಷ್ಟವಾಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಆಗಾಗ ತುಳಸಿಗೆ ನೀರು ಹಾಕುವಾಗ ಅರ್ಥಿಂಗ್ ಗುಂಡಿಗೂ ಒಂದು ಕೊಡ ನೀರು ಹಾಕಿ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಗುಂಡಿ ಎಲ್ಲಿದೆ, ಕೊನೆಯ ಸಲ ನೋಡಿದ್ದು ಯಾವಾಗ ಅಂತ ಕೇಳಿ.

ಎಲೆಕ್ಟ್ರಿಶಿಯನ್ ಬಂದಾಗ ಕೇಳಿ

* "ಟೀವಿ ಹಿಂದಿನ ಬೋರ್ಡ್ ಬಿಚ್ಚಿ, ಹಸಿರು ವೈರು ಐತೇನು ತೋರಸ್ರಿ."
* "ಅರ್ಥಿಂಗ್ ಮೀಟರ್ ಹಚ್ಚಿ ನೋಡ್ರಿ, ಬರೇ ಕಣ್ಣಿಲೇ ನೋಡಿ ಹೇಳಬ್ಯಾಡ್ರಿ."
* "ನಮ್ಮ ಮನಿಗೆ 30 ಮಿಲಿ ಆಂಪಿಯರ್‌ದು ಆರ್‌ಸಿಸಿಬಿ ಐತೇನು?"

ಕೊನೆಯದ್ದು ಮುಖ್ಯ. ಎಂಸಿಬಿ ಇದೆಯಲ್ಲ ಅಂದರೆ ಸಾಲದು. ಎಂಸಿಬಿ ಕಾಯುವುದು ವೈರನ್ನು. ಆರ್‌ಸಿಸಿಬಿ ಕಾಯುವುದು ಮನುಷ್ಯರನ್ನು. ಕರೆಂಟು ದಾರಿ ತಪ್ಪಿ ಮೈಗೆ ಹರಿದರೆ ಕ್ಷಣದಲ್ಲಿ ಬಂದ್ ಮಾಡುವುದು ಅದೇ. ಇದ್ದರೆ ಅದರ ಮೇಲಿನ 'ಟೆಸ್ಟ್' ಗುಂಡಿಯನ್ನು ಆಗಾಗ ಒತ್ತಿ ನೋಡಿ, ಕರೆಂಟು ಹೋಗಬೇಕು. ಹೋಗದಿದ್ದರೆ ಅದನ್ನು ಬದಲಿಸುವ ಹೊತ್ತು ಬಂದಿದೆ.

ಗಂಡ ಆಫೀಸಿನಿಂದ ಬರಲಿ, ಮಗ ರಜೆಗೆ ಬರಲಿ ಅಂತ ಕಾಯುವ ಕೆಲಸ ಇದಲ್ಲ. ಪ್ಲಗ್ಗುಗಳನ್ನು ಒಂದೇ ಬೋರ್ಡಿಗೆ ತರುವುದು, ಒಂದೊಂದೇ ವೈರು ತೆಗೆದು ನೋಡುವುದು ನಿಮ್ಮ ಕೈಯಲ್ಲೇ ಇದೆ. ಗೋಡೆಯೊಳಗಿನ ವೈರಿನ ಕೆಲಸ ಮಾತ್ರ ತಿಳಿದವರಿಗೆ ಬಿಡಿ. ಇವತ್ತು ಸಂಜೆಯೇ ಟೀವಿ ಹಿಂದಿನ ಧೂಳು ಒರೆಸುವ ನೆಪದಲ್ಲಿ ಒಮ್ಮೆ ನೋಡಿಬಿಡಿ, ಯಾವ ಪ್ಲಗ್ಗಿನ ದಪ್ಪ ಪಿನ್ನೂ ಮುರಿದಿಲ್ಲ ತಾನೇ?