ಪಿಕಪ್ ವಾಹನಗಳಿಗೆ ಕಳಚಿಡಬಹುದಾದ ಅಗ್ಗದ ಹೊದಿಕೆ: ವರ್ತಕರಿಗೆ ಉಳಿತಾಯ, ಕುಶಲಕರ್ಮಿಗಳಿಗೆ ಉದ್ಯೋಗ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಸರಕು ಸಾಗಣೆಯ ಸ್ವರೂಪ ಕಳೆದ ಎರಡು ದಶಕಗಳಲ್ಲಿ ಬಹಳವಾಗಿ ಬದಲಾಗಿದೆ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಬಳಿಕ, ಅದರೊಂದಿಗೆ ಬೊಲೆರೊ ಪಿಕಪ್‌ನಂತಹ ವಾಹನಗಳ ಬಳಕೆಯೂ ಹೆಚ್ಚಿದಂತೆ, ಹತ್ತಿಪ್ಪತ್ತು ಚೀಲಗಳ ಸಾಗಣೆಗೆ ಲಾರಿಗಾಗಿ ಕಾಯುವ ಅಗತ್ಯ ತಪ್ಪಿತು. ಹೊಳಲ್ಕೆರೆಯ ಅಡಿಕೆ, ಹೊಸದುರ್ಗದ ಕೊಬ್ಬರಿ, ಹಿರಿಯೂರಿನ ಈರುಳ್ಳಿ, ಚಿತ್ರದುರ್ಗದ ಮೆಕ್ಕೆಜೋಳ ಮತ್ತು ಶೇಂಗಾ ಇಂದು ಬಹುಮಟ್ಟಿಗೆ ಈ ಸಣ್ಣ ವಾಹನಗಳ ಬೆನ್ನೇರಿಯೇ ಮಾರುಕಟ್ಟೆ ತಲುಪುತ್ತಿವೆ. ಆದರೆ ಲಾರಿಯೊಂದಿಗೆ ಬರುತ್ತಿದ್ದ ಒಂದು ವ್ಯವಸ್ಥೆ ಈ ವಾಹನಗಳೊಂದಿಗೆ ಬರಲಿಲ್ಲ. ಅದೇ ಸರಕಿನ ಮೇಲಿನ ಹೊದಿಕೆ.

ಲಾರಿಯಲ್ಲಿ ಚಾಲಕನ ಜೊತೆಗೆ ಕ್ಲೀನರ್ ಇರುತ್ತಾನೆ. ತಾಡಪಾಲು ಹಾಸುವುದು, ಹಗ್ಗ ಬಿಗಿಯುವುದು ಅವನ ಕೆಲಸದ ಭಾಗ. ಪಿಕಪ್‌ನಲ್ಲಿರುವವನು ಚಾಲಕನೊಬ್ಬನೇ. ಲಾರಿಗೆಂದು ತಂದ ದೊಡ್ಡ ತಾಡಪಾಲನ್ನು ಸಣ್ಣ ಬಾಡಿಯ ಮೇಲೆ ಮಡಚಿ, ನಾಲ್ಕೂ ಕಡೆ ಸುತ್ತಿ ಬಂದು ಹಗ್ಗ ಕಟ್ಟಲು ಅವನಿಗೆ ವ್ಯವಧಾನವಿರುವುದಿಲ್ಲ. ಆದ್ದರಿಂದ ತಾಡಪಾಲು ಸೀಟಿನ ಹಿಂದೆಯೇ ಉಳಿಯುತ್ತದೆ, ಸರಕು ಬಯಲಿನಲ್ಲಿಯೇ ಸಾಗುತ್ತದೆ. ಹೊದಿಕೆಯ ಬೆಲೆಗಿಂತ ಅದನ್ನು ಕಟ್ಟುವ ತೊಡಕೇ ನಮ್ಮ ನಷ್ಟಕ್ಕೆ ಹೆಚ್ಚು ಕಾರಣ ಎಂಬುದನ್ನು ವರ್ತಕರು ಮೊದಲು ಮನಗಾಣಬೇಕು. ವಾಹನದ ಅಳತೆಗೆ ಸರಿಯಾಗಿ ಹೊಲಿದ, ಒಬ್ಬನೇ ವ್ಯಕ್ತಿ ಕೆಲವೇ ನಿಮಿಷಗಳಲ್ಲಿ ಹಾಕಿ ತೆಗೆಯಬಲ್ಲ ಹೊದಿಕೆಯೇ ಇದಕ್ಕೆ ಪರಿಹಾರ.

ಬಯಲುಸೀಮೆಗೆ ಹೊದಿಕೆಯ ಅಗತ್ಯವೇನು?

ಮಳೆಯೇ ಅಪರೂಪವಾದ ನಮ್ಮ ಜಿಲ್ಲೆಗೆ ಇದೇಕೆ ಎಂದು ಕೆಲವರು ಕೇಳಬಹುದು. 1933ರ ನಂತರ ಕೋಡಿ ಕಾಣದಿದ್ದ ವಾಣಿವಿಲಾಸ ಸಾಗರ 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿದ್ದುದನ್ನು ನಾವೆಲ್ಲ ಕಂಡಿದ್ದೇವೆ. ಅಷ್ಟು ದೊಡ್ಡ ಮಳೆಯೇ ಬೇಕೆಂದಿಲ್ಲ. ನಮ್ಮಲ್ಲಿ ಮುಂಗಾರಿನ ಶೇಂಗಾ ಕಿತ್ತು ಒಣಗಿಸುವ ಕಾಲಕ್ಕೇ ಹಿಂಗಾರಿನ ಮಳೆಯೂ ಬರುತ್ತದೆ. ದಾರಿಯಲ್ಲಿ ಸುರಿಯುವ ಅರ್ಧ ಗಂಟೆಯ ಮಳೆ ವಾರಗಟ್ಟಲೆ ಒಣಗಿಸಿದ ಶ್ರಮವನ್ನು ವ್ಯರ್ಥಗೊಳಿಸಬಲ್ಲದು.

ದಾಸ್ತಾನಿಗೆ ಹೋಗುವ ಶೇಂಗಾದಲ್ಲಿ ತೇವಾಂಶ ಶೇ. 8ರ ಆಸುಪಾಸಿನಲ್ಲಿರಬೇಕು. ಮೆಕ್ಕೆಜೋಳದಲ್ಲಿ ಶೇ. 14 ಮೀರಬಾರದು. ಕೊಬ್ಬರಿಯಲ್ಲಿ ಶೇ. 6ರಿಂದ 7ರಷ್ಟಿದ್ದರೆ ಕ್ಷೇಮ. ಇದಕ್ಕಿಂತ ಹೆಚ್ಚಿದರೆ ಬೂಷ್ಟು ಹಿಡಿಯುತ್ತದೆ. ಶೇಂಗಾ ಮತ್ತು ಮೆಕ್ಕೆಜೋಳಗಳಲ್ಲಿ ಈ ಬೂಷ್ಟಿನಿಂದ ಆರೋಗ್ಯಕ್ಕೆ ಮಾರಕವಾದ ಅಫ್ಲಾಟಾಕ್ಸಿನ್ ಎಂಬ ವಿಷವಸ್ತು ಉತ್ಪತ್ತಿಯಾಗುವ ಅಪಾಯವೂ ಇದೆ. ಹೊಸದುರ್ಗದಿಂದ ತಿಪಟೂರಿಗೆ ಹೊರಟ ಕೊಬ್ಬರಿಯ ಮೇಲಿನ ಸಾಲಿನ ನಾಲ್ಕು ಚೀಲಗಳು ನೆಂದರೆ, ಖರೀದಿದಾರನು ಬೆಲೆ ಇಳಿಸಿ ಕೇಳುವುದು ಆ ನಾಲ್ಕು ಚೀಲಗಳಿಗೆ ಮಾತ್ರವಲ್ಲ, ಇಡೀ ಲಾಟಿಗೆ. ಮಳೆ ಇಲ್ಲದ ದಿನಗಳಲ್ಲಿ ಬಿಸಿಲು, ಧೂಳು ಮತ್ತು ಗಾಳಿ ತಮ್ಮ ಪಾಲನ್ನು ವಸೂಲು ಮಾಡಿಯೇ ತೀರುತ್ತವೆ.

ಗಾಳಿಯ ಲೆಕ್ಕ

ಚಿತ್ರದುರ್ಗದ ಸುತ್ತಣ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದೇ ಇಲ್ಲಿನ ಗಾಳಿಯ ಬಲಕ್ಕೆ ಸಾಕ್ಷಿ. ಹೆದ್ದಾರಿಯಲ್ಲಿ ಇದಕ್ಕೆ ವಾಹನದ ವೇಗವೂ ಕೂಡಿಕೊಳ್ಳುತ್ತದೆ. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೊದಿಕೆಯನ್ನು ಎತ್ತುವ ಬಲವು 80 ಕಿ.ಮೀ. ವೇಗದಲ್ಲಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಸಡಿಲವಾಗಿ ಕಟ್ಟಿದ ತಾಡಪಾಲು ಪಟಪಟನೆ ಬಡಿದುಕೊಂಡು ಕೆಲವೇ ತಿಂಗಳುಗಳಲ್ಲಿ ಅಂಚಿನಿಂದ ಹರಿಯಲು ಇದೇ ಕಾರಣ. ಅಳತೆಗೆ ಸರಿಹೊಂದಿ ಬಿಗಿಯಾಗಿ ಕೂರುವ ಹೊದಿಕೆ ಹಗುರವಾದ ಬಟ್ಟೆಯದಾದರೂ ಹೆಚ್ಚು ಕಾಲ ಬಾಳುತ್ತದೆ.

ನೀರಿನ ಲೆಕ್ಕವೂ ಇಷ್ಟೇ ಸರಳ. ಜೋತುಬಿದ್ದ ಹೊದಿಕೆಯ ಒಂದು ಚದರ ಮೀಟರ್ ಮೇಲೆ 1 ಸೆಂ.ಮೀ. ನೀರು ನಿಂತರೆ ಅದರ ಭಾರ 10 ಕಿಲೋ. ನಾಲ್ಕು ಬೆರಳಷ್ಟು ನಿಂತರೆ ಹೊಲಿಗೆ ಬಿಡುವುದು ಸಹಜ. ಆದ್ದರಿಂದ ಹೊದಿಕೆಯ ಅಡಿಯಲ್ಲಿ ಎರಡು ಮೂರು ಕಮಾನುಗಳಿರುವುದು ಅವಶ್ಯ. ತೆಳುವಾದ ಕಬ್ಬಿಣದ ಪೈಪನ್ನು ಬಗ್ಗಿಸಿ, ಬಾಡಿಯ ಅಂಚಿಗೆ ಕ್ಲಾಂಪು ಮತ್ತು ಬೋಲ್ಟುಗಳಿಂದ ಬಿಗಿದರೆ ಸಾಕು. ವೆಲ್ಡಿಂಗ್ ಬೇಡ, ಬಾಡಿಗೆ ತೂತು ಕೊರೆಯುವುದೂ ಬೇಡ. ಎತ್ತರದ ಸರಕು ತುಂಬಬೇಕಾದಾಗ ಬಿಚ್ಚಿ ಬದಿಗಿಡಬಹುದು.

ಅಳತೆ, ಬಟ್ಟೆ, ಹೊಲಿಗೆ

ಅಮೆರಿಕದಲ್ಲಿ ಪಿಕಪ್‌ಗಳಿಗೆ ಫೈಬರ್ ಅಥವಾ ಅಲ್ಯೂಮಿನಿಯಂ ಮುಚ್ಚಳಗಳೂ, ಸುರುಳಿ ಸುತ್ತಬಹುದಾದ ವಿನೈಲ್ ಹೊದಿಕೆಗಳೂ ಬಳಕೆಯಲ್ಲಿವೆ. ಬಾಡಿಯ ಅಂಚಿಗಿಂತ ಎತ್ತರಕ್ಕೆ ಚೀಲ ಪೇರಿಸುವ ನಮ್ಮ ಪದ್ಧತಿಗೆ ಅಂತಹ ಗಟ್ಟಿ ಮುಚ್ಚಳಗಳು ಹೊಂದುವುದಿಲ್ಲ. ಅವುಗಳಿಂದ ನಾವು ಪಡೆಯಬಹುದಾದುದು ವಾಹನದ ಅಳತೆಗೆ ತಕ್ಕಂತೆ ತಯಾರಿಸುವ ತತ್ವವನ್ನು ಮಾತ್ರ.

ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲದ ಪಿಕಪ್ ಬಾಡಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಾಲ್ಕೂ ಕಡೆ ಒಂದೂವರೆ ಅಡಿ ಇಳಿಬಿಟ್ಟರೆ ಬೇಕಾಗುವುದು 12 × 8.5 ಅಡಿ, ಅಂದರೆ ಸುಮಾರು 9.5 ಚದರ ಮೀಟರ್ ಬಟ್ಟೆ. ಕಮಾನು ಹಾಕುವುದಾದರೆ ಅದರ ಏರಿಗೆ ತಕ್ಕಷ್ಟು ಅಗಲವನ್ನು ಹೆಚ್ಚಿಸಿಕೊಳ್ಳಬೇಕು. 200 ಜಿಎಸ್ಎಂನ ಎಚ್‌ಡಿಪಿಇ ಹಾಳೆಯಾದರೆ 12 × 8.5 ಅಡಿಯ ಹೊದಿಕೆಯ ತೂಕ ಎರಡು ಕಿಲೋದೊಳಗೆ, 500 ಜಿಎಸ್ಎಂನ ಪಿವಿಸಿ ಲೇಪಿತ ಬಟ್ಟೆಯಾದರೆ ಐದು ಕಿಲೋದೊಳಗೆ. ಎರಡನ್ನೂ ಒಬ್ಬನೇ ಸಲೀಸಾಗಿ ನಿಭಾಯಿಸಬಹುದು.

ಜಿಎಸ್ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ಗ್ರಾಂ ತೂಕ. ಅಂಗಡಿಯವರು ಹೇಳಿದ ಅಂಕಿಯನ್ನು ತಕ್ಕಡಿಯಲ್ಲಿ ಪರೀಕ್ಷಿಸಿಕೊಳ್ಳಬಹುದು. 12 × 18 ಅಡಿಯ ತಾಡಪಾಲಿನ ವಿಸ್ತೀರ್ಣ ಸುಮಾರು 20 ಚದರ ಮೀಟರ್. ಅದು ನಿಜಕ್ಕೂ 200 ಜಿಎಸ್ಎಂ ಆಗಿದ್ದರೆ ನಾಲ್ಕು ಕಿಲೋ ತೂಗಬೇಕು. ಮೂರೇ ಕಿಲೋ ತೂಗಿದರೆ ಕೊಳ್ಳುವವರು 150 ಜಿಎಸ್ಎಂನ ಮಾಲಿಗೆ 200ರ ಬೆಲೆ ತೆರುತ್ತಿದ್ದಾರೆಂದೇ ಅರ್ಥ. ಎಚ್‌ಡಿಪಿಇ ತಾಡಪಾಲಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 7903. ಆ ಗುರುತು ಇರುವ, ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ಸಂಸ್ಕರಣೆ ಹೊಂದಿದ ಮಾಲನ್ನೇ ಆರಿಸುವುದು ಲೇಸು.

ಹೊಲಿಗೆಯ ವಿಷಯದಲ್ಲಿ ಮುಖ್ಯ ಎಚ್ಚರಿಕೆಯೆಂದರೆ ಸೂಜಿಯ ತೂತುಗಳಿಂದ ನೀರು ಒಸರುತ್ತದೆ ಎಂಬುದು. ಆದ್ದರಿಂದ ಜೋಡಣೆಯ ಸಾಲು ನೆತ್ತಿಯ ಮೇಲೆ ಬಾರದಂತೆ, ಬದಿಯ ಇಳಿಯಲ್ಲಿ ಬರುವಂತೆ ಬಟ್ಟೆ ಕತ್ತರಿಸಬೇಕು. ಅಂಚನ್ನು ಮಡಚಿ ಒಳಗೆ ಹಗ್ಗವಿಟ್ಟು ಹೊಲಿದು, ಒಂದೂವರೆ ಅಡಿಗೊಂದರಂತೆ ಐಲೆಟ್ ಕೂರಿಸಬೇಕು. ಉದ್ದದ ಹಗ್ಗಕ್ಕೆ ಬದಲಾಗಿ ಕೊಕ್ಕೆಯುಳ್ಳ ರಬ್ಬರ್ ಪಟ್ಟಿಗಳನ್ನು ಬಳಸಿದರೆ ಕಟ್ಟುವ ಬಿಚ್ಚುವ ಸಮಯ ಗಣನೀಯವಾಗಿ ಉಳಿಯುತ್ತದೆ.

ಎಲ್ಲ ಸರಕಿಗೂ ಒಂದೇ ಹೊದಿಕೆ ಸಲ್ಲದು. ಈರುಳ್ಳಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಬಿಸಿಲಿನಲ್ಲಿ ಸಾಗಿಸಿದರೆ ಒಳಗೇ ಬೆವರಿ ಕೊಳೆಯುತ್ತದೆ. ಅದಕ್ಕೆ ತೋಟಗಳಲ್ಲಿ ಬಳಸುವ ನೆರಳು ಪರದೆಯ ಬಟ್ಟೆಯೇ ಸೂಕ್ತ. ಅದೇ ಕಮಾನುಗಳ ಮೇಲೆ ಬಿಸಿಲಿಗೆ ಪರದೆ, ಮಳೆಗೆ ತಾಡಪಾಲು ಎಂದು ಎರಡನ್ನೂ ಇಟ್ಟುಕೊಂಡರೆ ವರ್ಷವಿಡೀ ಉಪಯೋಗವಾಗುತ್ತದೆ.

ಖರ್ಚು ಮತ್ತು ಕಾನೂನು

ಕಮಾನು ಸಹಿತ ಹೊದಿಕೆಗೆ 6,000 ರೂಪಾಯಿ ತಗುಲಿತೆಂದೂ, ಎರಡು ವರ್ಷ ಬಾಳಿತೆಂದೂ, ವಾಹನವು ವರ್ಷಕ್ಕೆ 300 ಬಾರಿ ಸರಕು ಹೊತ್ತಿತೆಂದೂ ಭಾವಿಸೋಣ. ಒಂದು ಬಾರಿಗೆ ಬೀಳುವ ಖರ್ಚು 10 ರೂಪಾಯಿ. ಬೆಲೆ ಇದಕ್ಕಿಂತ ಹೆಚ್ಚಾಗಲಿ, ಕಡಿಮೆಯಾಗಲಿ, ತಮ್ಮ ತಮ್ಮ ಅಂಕಿಗಳನ್ನು ಇದೇ ರೀತಿ ಹಾಕಿ ನೋಡಬಹುದು. ಒಂದು ಚೀಲ ಕೊಬ್ಬರಿ ನೆಂದಾಗ ಆಗುವ ನಷ್ಟದೊಂದಿಗೆ ಇದನ್ನು ಹೋಲಿಸಿದರೆ ಹೆಚ್ಚಿನ ವಿವರಣೆ ಬೇಕಾಗದು.

ಕಾನೂನಿನ ಕಡೆಗೂ ಗಮನವಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕಳಚಬಹುದಾದ ಹೊದಿಕೆಯ ಅನುಕೂಲ ಇಲ್ಲಿಯೇ ಇದೆ. ಶಾಶ್ವತವಾದ ಚೌಕಟ್ಟನ್ನು ಬೆಸುಗೆ ಹಾಕಿಸುವವರು ಮುಂಚಿತವಾಗಿ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. 2019ರ ತಿದ್ದುಪಡಿಯಿಂದ ಸೇರಿದ 194(1ಎ) ಕಲಮು, ಸರಕು ಬಾಡಿಯ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಅಥವಾ ಮಿತಿ ಮೀರಿದ ಎತ್ತರಕ್ಕೆ ಚಾಚಿದ್ದರೆ 20,000 ರೂಪಾಯಿ ದಂಡ ವಿಧಿಸುತ್ತದೆ. ಹೊದಿಕೆ ಇದೆಯೆಂದು ಮಿತಿ ಮೀರಿ ಪೇರಿಸಬಾರದು. ಹಿಂದಿನ ದೀಪ ಮತ್ತು ನಂಬರ್ ಫಲಕ ಮುಚ್ಚಿಹೋಗದಂತೆ ಹಿಂಬದಿಯ ಇಳಿಯನ್ನು ಗಿಡ್ಡವಾಗಿಡಬೇಕು.

ಸ್ಥಳೀಯ ಉದ್ದಿಮೆಗೆ ಅವಕಾಶ

ಈ ಹೊದಿಕೆಯ ತಯಾರಿಕೆಗೆ ದೊಡ್ಡ ಕಾರ್ಖಾನೆ ಬೇಕಿಲ್ಲ. ಆಟೋರಿಕ್ಷಾಗಳ ಟಾಪು ಮತ್ತು ಸೀಟು ಹೊಲಿಯುವ ರೆಕ್ಸಿನ್ ಕೆಲಸಗಾರರೂ, ಪೈಪು ಬಗ್ಗಿಸುವ ವರ್ಕ್‌ಶಾಪ್‌ನವರೂ ನಮ್ಮಲ್ಲಿಯೇ ಇದ್ದಾರೆ. ಇವರಿಬ್ಬರೂ ಒಂದುಗೂಡಿ, ಹೆಚ್ಚು ಬಳಕೆಯಲ್ಲಿರುವ ಮೂರು ನಾಲ್ಕು ಮಾದರಿಯ ವಾಹನಗಳ ಅಳತೆಯ ನಮೂನೆಗಳನ್ನು ಸಿದ್ಧಪಡಿಸಿಟ್ಟುಕೊಂಡರೆ, ಗಿರಾಕಿ ಬಂದ ದಿನವೇ ಹೊದಿಕೆ ಕೊಡಬಹುದು. ಹರಿದ ಅಂಚನ್ನು ದುರಸ್ತಿ ಮಾಡಿಕೊಡುವ ಅನುಕೂಲ ದೂರದೂರಿನ ತಯಾರಕರಿಗಿಲ್ಲ, ಇವರಿಗಿದೆ.

ಬಂಡವಾಳದ ದೃಷ್ಟಿಯಿಂದ, 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಮತ್ತು ಕಮ್ಮಾರ ವೃತ್ತಿಗಳೂ ಸೇರಿವೆ. ಅರ್ಹರಿಗೆ ಶೇ. 5ರ ಬಡ್ಡಿಯಲ್ಲಿ ಮೊದಲ ಕಂತಾಗಿ ಒಂದು ಲಕ್ಷ, ಎರಡನೆಯ ಕಂತಾಗಿ ಎರಡು ಲಕ್ಷ ರೂಪಾಯಿಗಳವರೆಗೆ ಸಾಲದ ಅವಕಾಶವನ್ನು ಈ ಯೋಜನೆ ಕಲ್ಪಿಸಿತು. ಆಸಕ್ತರು ಸದ್ಯದ ನಿಯಮಗಳನ್ನು ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳಬಹುದು.

ಆದರೆ ಸಾಲಕ್ಕಿಂತ ಮೊದಲು ಬೇಕಾದುದು ಗಿರಾಕಿ. ಪ್ರತಿ ಮಂಡಿಯ ವರ್ತಕರೂ ತಮ್ಮ ಸರಕು ಸಾಗಿಸುವ ಒಂದು ವಾಹನಕ್ಕೆ ಸ್ಥಳೀಯ ಕೆಲಸಗಾರರಿಂದ ಹೊದಿಕೆ ಮಾಡಿಸಿ, ಒಂದು ಮಳೆಗಾಲ ಪ್ರಯೋಗಿಸಿ ನೋಡಲಿ. ಬಾಡಿಗೆ ಗೊತ್ತುಮಾಡುವಾಗ “ಹೊದಿಕೆ ಇದೆಯೇ?” ಎಂದು ಕೇಳುವ ರೂಢಿ ಬೆಳೆದರೆ, ವಾಹನದ ಮಾಲೀಕರೂ ತಾವಾಗಿಯೇ ಮುಂದಾಗುವರು. ತೂಕದಲ್ಲಿ ನೂರು ಗ್ರಾಂ ಕಡಿಮೆಯಾದರೆ ಪ್ರಶ್ನಿಸುವ ನಾವು, ದಾರಿಯಲ್ಲಿ ನೆಂದು, ಒಣಗಿ, ಉದುರಿ ಹೋಗುವ ಸರಕಿಗೂ ಲೆಕ್ಕವಿಡುವುದು ಉಚಿತ.