ಹೊಳಪಿನ ಕೆಳಗೆ ತುಕ್ಕು ಉಳಿದರೆ

ಮನೆಯ ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲಿನ್ ಹೊದ್ದು ಹತ್ತಾರು ವರ್ಷಗಳಿಂದ ನಿಂತಿರುವ ಪ್ರೀಮಿಯರ್ ಪದ್ಮಿನಿಯನ್ನು ಮತ್ತೆ ರಸ್ತೆಗಿಳಿಸುವ ಹುಮ್ಮಸ್ಸು ಕಾಲೇಜಿಗೆ ಹೋಗುವ ಮಗನಿಗೋ ಮಗಳಿಗೋ ಬಂದಿದೆ ಎನ್ನಿ. ಇಟಲಿಯ ಫಿಯಟ್ 1100ರ ಮಾದರಿಯಲ್ಲಿ ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಕಾರು ಒಂದು ಕಾಲಕ್ಕೆ ಎಷ್ಟೋ ಮಧ್ಯಮ ವರ್ಗದ ಮನೆಗಳ ಕನಸಾಗಿತ್ತು. ಬ್ಯಾಟರಿ, ಟೈರು ಹೊಸತು ಹಾಕಿಸಬಹುದು. ಎಂಜಿನ್ನಿಗೆ ಮೆಕ್ಯಾನಿಕ್ ಇದ್ದಾನೆ. ಕಣ್ಣಿಗೆ ಚುಚ್ಚುವುದು ಬಂಪರಿನ ಮೇಲಿನ ಕಂದು ಚುಕ್ಕೆಗಳು ಮತ್ತು ಮುಟ್ಟಿದರೆ ಕೆಂಪು ಹುಡಿ ಉದುರಿಸುವ ನಟ್ಟು-ಬೋಲ್ಟು, ಬ್ರಾಕೆಟ್ಟುಗಳು. ‘ಪ್ಲೇಟಿಂಗಿಗೆ ಕೊಟ್ಟರಾಯಿತು, ಹೊಸದರಂತೆ ಹೊಳೆಯುತ್ತವೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಮಾತು ಅರ್ಧ ಮಾತ್ರ ಸರಿ.

ಬಂಪರಿನ ಮೇಲೆ ಮಿರುಗುವ ಕ್ರೋಮಿಯಂ ಪದರ ಎಷ್ಟು ದಪ್ಪ ಇದ್ದೀತು? ಸಾಮಾನ್ಯವಾಗಿ ಒಂದು ಮೈಕ್ರಾನಿನ ಕಾಲು ಭಾಗದಿಂದ ಅರ್ಧ ಭಾಗ, ಅಷ್ಟೆ! ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ. ಉಕ್ಕನ್ನು ನೀರು-ಗಾಳಿಯಿಂದ ನಿಜವಾಗಿ ಕಾಯುವುದು ಕ್ರೋಮಿಯಂ ಕೆಳಗಿರುವ 20-30 ಮೈಕ್ರಾನಿನ ನಿಕ್ಕಲ್. ಅದು ಮಂಕಾಗದಂತೆ, ಗೀರು ಬೀಳದಂತೆ ನೋಡಿಕೊಳ್ಳುವ ಮೇಲು ಹೊದಿಕೆಯೇ ಕ್ರೋಮಿಯಂ. ಇಷ್ಟು ತೆಳುವಾದ ಪದರ ಕೆಳಗಿನ ಗುಂಡಿಗಳನ್ನು ಮುಚ್ಚುವುದಿಲ್ಲ; ಕನ್ನಡಿಯಂತೆ ಎತ್ತಿ ತೋರಿಸುತ್ತದೆ. ತುಕ್ಕು ಕೊರೆದ ಬಂಪರಿಗೆ ಒಳ್ಳೆಯ ಕೆಲಸಗಾರರು ಮೊದಲು ತಾಮ್ರವನ್ನು ದಪ್ಪವಾಗಿ ಹತ್ತಿಸಿ, ಬಫಿಂಗ್ ಚಕ್ರಕ್ಕೆ ಹಿಡಿದು ಸಮ ಮಾಡಿ, ಗುಂಡಿ ಉಳಿದಿದ್ದರೆ ಮತ್ತೆ ತಾಮ್ರ ಹಾಕುತ್ತಾರೆ. ಕೂಲಿಯ ದೊಡ್ಡ ಪಾಲು ಹೋಗುವುದು ಈ ಕೆಲಸಕ್ಕೇ. ಅಗ್ಗದ ದರ ಹೇಳುವ ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ: ಕೆಳಗೆ ಏನು ಹಾಕುತ್ತೀರಿ?

ಸಣ್ಣಪುಟ್ಟ ಭಾಗಗಳ ತುಕ್ಕು ತೆಗೆಯುವ ಕೆಲಸವನ್ನು ವಿದ್ಯಾರ್ಥಿಗಳು ಮನೆಯಲ್ಲೇ ಮಾಡಬಹುದು. ಮೊದಲು ಎಣ್ಣೆ, ಗ್ರೀಸ್ ಹೋಗಬೇಕು. ಜಿಡ್ಡು ಇದ್ದಲ್ಲಿ ಯಾವ ದ್ರಾವಣವೂ ನಾಟದು. ಆಮೇಲೆ ವಿನೆಗರಿನಲ್ಲಿ ಒಂದು ರಾತ್ರಿ ನೆನೆಸಿ, ವೈರ್ ಬ್ರಶ್ಶಿನಿಂದ ಉಜ್ಜಿ, ಸೋಡಾ ನೀರಿನಲ್ಲಿ ತೊಳೆದು ತಕ್ಷಣ ಒಣಗಿಸಬೇಕು. ಇನ್ನೊಂದು ದಾರಿ ವಿದ್ಯುತ್ತಿನದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ಕರಗಿಸಿದ ನೀರು, 12 ವೋಲ್ಟಿನ ಬ್ಯಾಟರಿ ಚಾರ್ಜರು, ಧನಾಗ್ರಕ್ಕೆ ಒಂದು ಹಳೆಯ ಕಬ್ಬಿಣದ ತುಂಡು, ಋಣಾಗ್ರಕ್ಕೆ ತುಕ್ಕು ಹಿಡಿದ ಭಾಗ. ಧನಾಗ್ರಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಚಮಚ ಕಟ್ಟುವ ಜಾಣತನ ಮಾತ್ರ ಕೂಡದು. ಅದರಲ್ಲಿರುವ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಬಿಡುತ್ತದೆ. ಸೋಡಾ ಬದಲು ಅಡಿಗೆ ಉಪ್ಪನ್ನೂ ಹಾಕಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಬಕೆಟ್ಟಿನಿಂದ ಮೇಲೇಳುವ ಗುಳ್ಳೆಗಳು ಜಲಜನಕ ಮತ್ತು ಆಮ್ಲಜನಕ, ಕಿಡಿ ತಗಲಿದರೆ ಸಿಡಿಯುವಂಥವು. ಆದ್ದರಿಂದ ಈ ಪ್ರಯೋಗ ಬಯಲಿನಲ್ಲೇ ನಡೆಯಲಿ, ದೊಡ್ಡವರು ಹತ್ತಿರವಿರಲಿ. ಹಳೆಯ ಕಾರುಗಳ ಕೆಲವು ನಟ್ಟು-ಬೋಲ್ಟುಗಳಿಗೆ ಕ್ಯಾಡ್ಮಿಯಂ ಲೇಪನ ಇರುತ್ತಿತ್ತು. ಅದೂ ವಿಷವೇ. ಹಳೆಯ ಲೇಪನ ಇನ್ನೂ ಅಂಟಿಕೊಂಡಿರುವ ಭಾಗಗಳನ್ನು ಮನೆಯಲ್ಲಿ ಉಜ್ಜಿ ಧೂಳೆಬ್ಬಿಸದೆ ಅಂಗಡಿಗೆ ಒಪ್ಪಿಸುವುದೇ ಮೇಲು.

ಭಾಗ ಶುದ್ಧವಾಯಿತೇ ಎಂದು ತಿಳಿಯಲು ಸರಳ ಪರೀಕ್ಷೆಯೊಂದಿದೆ. ನೀರು ಸುರಿದಾಗ ಅದು ಒಂದೇ ಪೊರೆಯಾಗಿ ಮೈಯೆಲ್ಲ ಹರಡಿದರೆ ಸರಿ. ಕೆಸುವಿನ ಎಲೆಯ ಮೇಲಿನಂತೆ ಹನಿ ಹನಿಯಾಗಿ ನಿಂತರೆ ಜಿಡ್ಡು ಉಳಿದಿದೆ ಎಂದೇ ಅರ್ಥ. ಬರಿಗೈಯಲ್ಲಿ ಮುಟ್ಟಿದರೂ ಸಾಕು, ಬೆರಳಿನ ಗುರುತು ಬಿದ್ದಲ್ಲಿ ಲೇಪನ ಸರಿಯಾಗಿ ಹಿಡಿಯುವುದಿಲ್ಲ.

ಬೋಲ್ಟು, ಬ್ರಾಕೆಟ್ಟುಗಳಿಗೆ ಹಾಕುವುದು ಸತು. ಕಬ್ಬಿಣಕ್ಕಿಂತ ಚುರುಕಾಗಿ ಆಮ್ಲಜನಕದೊಡನೆ ಸೇರುವ ಲೋಹವಾದ್ದರಿಂದ, ಲೇಪನಕ್ಕೆ ಗೀರು ಬಿದ್ದರೂ ಮೊದಲು ತಾನೇ ಸವೆದು ಕಬ್ಬಿಣವನ್ನು ಉಳಿಸುತ್ತದೆ. ಎಷ್ಟು ಹೊತ್ತು ಪ್ಲೇಟಿಂಗ್ ಮಾಡಬೇಕೆಂಬ ಲೆಕ್ಕ ಪಿಯುಸಿ ರಸಾಯನಶಾಸ್ತ್ರ ಓದಿದವರಿಗೆ ಗೊತ್ತಿರುವುದೇ. 1830ರ ದಶಕದಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ ನಿಯಮದಂತೆ, 1 ಆಂಪಿಯರ್ ವಿದ್ಯುತ್ ಒಂದು ಗಂಟೆ ಹರಿದರೆ ಸುಮಾರು 1.22 ಗ್ರಾಂ ಸತು ಕೂರುತ್ತದೆ. ಮೈಯ ಒಟ್ಟು ವಿಸ್ತೀರ್ಣ 100 ಚದರ ಸೆಂ.ಮೀ. ಇರುವ ಬ್ರಾಕೆಟ್ಟಿಗೆ 8 ಮೈಕ್ರಾನ್ ಲೇಪನ ಬೇಕಾದರೆ 0.57 ಗ್ರಾಂ ಸತು ಸಾಕು. 2 ಆಂಪಿಯರಿನಲ್ಲಿ ಇದಕ್ಕೆ ಹಿಡಿಯುವುದು 14 ನಿಮಿಷ. ವಿದ್ಯುತ್ತಿನ ಸ್ವಲ್ಪ ಪಾಲು ಜಲಜನಕ ಬಿಡಿಸುವುದರಲ್ಲಿ ಪೋಲಾಗುವುದರಿಂದ ಇನ್ನೂ ಕೆಲವು ನಿಮಿಷ ಸೇರಿಸಿಕೊಳ್ಳಬೇಕು.

ತಂದೆ-ತಾಯಂದಿರು ಗಮನಿಸಬೇಕಾದದ್ದು ಈ ಜಲಜನಕವನ್ನೇ. ಆಮ್ಲದಲ್ಲಿ ಅದ್ದುವಾಗ, ಪ್ಲೇಟಿಂಗ್ ಮಾಡುವಾಗ ಅದರ ಪರಮಾಣುಗಳು ಉಕ್ಕಿನೊಳಕ್ಕೆ ನುಸುಳುತ್ತವೆ. ಸಾಧಾರಣ ಉಕ್ಕಿಗೆ ಇದರಿಂದ ಬಾಧೆಯಿಲ್ಲ. ಆದರೆ ಗಟ್ಟಿ ಉಕ್ಕಿನ ಸ್ಪ್ರಿಂಗುಗಳು, ತಲೆಯ ಮೇಲೆ 10.9 ಅಥವಾ 12.9 ಎಂದು ಗುರುತಿರುವ ಬೋಲ್ಟುಗಳು ಒಳಗಿಂದೊಳಗೇ ಪೆಡಸಾಗುತ್ತವೆ. ಬಿಗಿ ಮಾಡಿದ ಕ್ಷಣಕ್ಕೆ ಏನೂ ಆಗುವುದಿಲ್ಲ. ಗಂಟೆಗಳೋ ದಿನಗಳೋ ಕಳೆದ ಮೇಲೆ, ಯಾವ ಸೂಚನೆಯೂ ಇಲ್ಲದೆ ಗಾಜಿನಂತೆ ಮುರಿಯಬಹುದು. ಹೊರಗಿನಿಂದ ನೋಡಿದರೆ ಬೋಲ್ಟು ಥಳಥಳ ಹೊಳೆಯುತ್ತಲೇ ಇರುತ್ತದೆ! ಪ್ಲೇಟಿಂಗ್ ಆದ ಕೆಲವೇ ಗಂಟೆಗಳೊಳಗೆ ಇಂಥ ಭಾಗಗಳನ್ನು ಸುಮಾರು 190ರಿಂದ 220 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ಗಂಟೆ ಇಟ್ಟು ಜಲಜನಕವನ್ನು ಹೊರಗೆ ಓಡಿಸುತ್ತಾರೆ. ಬೋಲ್ಟಿಗೆ ಹೊನ್ನಿನ ಛಾಯೆ ಕೊಡುವ ಕ್ರೋಮೇಟ್ ದ್ರಾವಣದಲ್ಲಿ ಅದ್ದುವುದು ಅದಾದ ಮೇಲೆ. ಬ್ರೇಕು, ಸ್ಟಿಯರಿಂಗು, ಸೀಟ್ ಬೆಲ್ಟುಗಳನ್ನು ಹಿಡಿದಿರುವ ಬೋಲ್ಟುಗಳ ವಿಷಯದಲ್ಲಿ ಇಷ್ಟೆಲ್ಲ ಸಾಹಸ ಬೇಡ. ಅದೇ ದರ್ಜೆಯ ಹೊಸ ಬೋಲ್ಟು ಕೊಂಡರೆ ಮುಗಿಯಿತು.

ಕ್ರೋಮಿಯಂ ಪ್ಲೇಟಿಂಗನ್ನಂತೂ ಮನೆಯಲ್ಲಿ ಮಾಡುವ ಮಾತೇ ಇಲ್ಲ. ಅದರ ಹಳೆಯ ವಿಧಾನದಲ್ಲಿ ಬಳಸುವ ಕ್ರೋಮಿಕ್ ಆಮ್ಲದ ಹಬೆ ಕ್ಯಾನ್ಸರಿಗೆ ದಾರಿ. ಪ್ಲೇಟಿಂಗ್ ಘಟಕಗಳು ಹೆಚ್ಚಿರುವ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲೂ ಈ ವಿಷಕಾರಿ ಕ್ರೋಮಿಯಂ ಪತ್ತೆಯಾಗಿದೆ. ತ್ಯಾಜ್ಯ ನೀರನ್ನು ಶುದ್ಧೀಕರಿಸುವ ವ್ಯವಸ್ಥೆ ಇರುವ ಅಂಗಡಿಯನ್ನು ಹುಡುಕಿ ಕೊಡುವುದು ನಾಲ್ಕು ಕಾಸು ಹೆಚ್ಚಾದರೂ ಲೇಸು. ಬಾಗಿಲ ಹಿಡಿ, ಲಾಂಛನಗಳಂಥ ಭಾಗಗಳನ್ನು ಬೇರೆಯಾಗಿ ಕಟ್ಟಿ, ಇವು ಸತುವಿನ ಎರಕ ಇರಬಹುದು ಎಂದು ಹೇಳಿ ಕೊಡಬೇಕು. ಉಕ್ಕಿನ ಭಾಗಗಳೊಂದಿಗೆ ಆಮ್ಲದ ತೊಟ್ಟಿಗೆ ಬಿದ್ದರೆ ಅವು ಕರಗಿಯೇ ಹೋದಾವು.

ಕೊಡುವ ಮೊದಲು ಎಲ್ಲವನ್ನೂ ಹರಡಿ ಫೋಟೊ ತೆಗೆದು, ಎಣಿಸಿ, ಚಿಕ್ಕವನ್ನು ತಂತಿಯಲ್ಲಿ ಪೋಣಿಸಿ ಕೊಡುವುದು ವಾಡಿಕೆ. ತೊಟ್ಟಿಯ ತಳ ಸೇರಿದ ವಾಷರು ಮತ್ತೆ ಸಿಗುವುದು ಕಷ್ಟ. ಮರಳಿ ಬಂದ ಬೋಲ್ಟಿಗೆ ನಟ್ಟನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ನೋಡಬೇಕು. 8 ಮೈಕ್ರಾನ್ ಲೇಪನ ಮರೆಯ ಓರೆಮೈಗಳ ಮೇಲೆ ಕೂತಾಗ ಅಲ್ಲಿನ ವ್ಯಾಸ ಸುಮಾರು 32 ಮೈಕ್ರಾನ್ ಹೆಚ್ಚುತ್ತದೆ. ನಟ್ಟು ಬಿಗಿಯೆನಿಸಿದರೆ ಸ್ಪ್ಯಾನರ್ ಹಾಕಿ ಒತ್ತಾಯ ಮಾಡದೆ, ಬಿಚ್ಚಿ ಮರೆಯನ್ನು ಪರೀಕ್ಷಿಸಬೇಕು.